ಹೆಡ್ ಸವೆಸಿದರೆ ಎಂಜಿನ್ನಿನ ಶಕ್ತಿ ಹೆಚ್ಚುವುದೇ? – ಒಂದು ವಿಮರ್ಶೆ

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಊರಾದ ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಗೆ ಹೋಗಿದ್ದೆ. ಪರಿಚಯದ ಡಿಪ್ಲೊಮಾ ವಿದ್ಯಾರ್ಥಿಯೊಬ್ಬ ಹಳೆಯ ಬಟ್ಟೆಯಲ್ಲಿ ಸುತ್ತಿದ್ದ ವಸ್ತುವೊಂದನ್ನು ತಂದು ಜಗಲಿಯ ಮೇಲಿಟ್ಟ. ಬಿಚ್ಚಿ ನೋಡಿದರೆ ಅದು ಯೆಜ್ಡಿ ಮೋಟಾರ್ ಸೈಕಲ್ಲಿನ ಸಿಲಿಂಡರ್ ಹೆಡ್. ಅದರ ತಳಭಾಗ ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. "ಸಾರ್, ಲೇತ್‌ಗೆ ಹಾಕಿ ಎರಡು ಮಿಲಿಮೀಟರ್ ತೆಗೆಸಿದೀನಿ. ಕಂಪ್ರೆಷನ್ ಜಾಸ್ತಿಯಾದರೆ ದಕ್ಷತೆ ಜಾಸ್ತಿ ಅಂತ ನಮ್ಮ ಪುಸ್ತಕದಲ್ಲೇ ಇದೆಯಲ್ಲ, ಎಷ್ಟು ಎಚ್.ಪಿ. ಏರುತ್ತೆ ಅಂತ ಲೆಕ್ಕ ಹಾಕಿಕೊಡಿ" ಎಂದ.

ಈ ಪ್ರಶ್ನೆ ನನಗೆ ಹೊಸದಾಗಿರಲಿಲ್ಲ. 1987ರ ಡಿಸೆಂಬರ್‌ನಲ್ಲಿ, ಬಿ.ಎಸ್‌ಸಿ. ಓದುತ್ತಿದ್ದಾಗ, ಇದೇ ಪ್ರಶ್ನೆಯನ್ನು ನಾನೇ ಕೇಳಿಕೊಂಡು ನಾನೇ ಉತ್ತರ ಹೇಳಿದ್ದೆ. ಮೇಷ್ಟರಾಗಿದ್ದ ನಮ್ಮ ತಂದೆಯವರ ಬಳಿ ಒಂದು ಹಳೆಯ ಯೆಜ್ಡಿ ಇತ್ತು. ಆಟೊ ಚಕ್ರದ ಸೂತ್ರವನ್ನು ಆಗತಾನೆ ಕಲಿತಿದ್ದ ನಾನು ಅದರ ಹೆಡ್ ಸವೆಸಬೇಕೆಂದು ಹಟ ಹಿಡಿದೆ. ಗ್ಯಾರೇಜಿನವರು "ಬೇಡ ಸ್ವಾಮಿ, ಗಾಡಿ ಕಾಯುತ್ತೆ" ಎಂದರು. ನಾನು ಕಾಗದದ ಮೇಲೆ ಸೂತ್ರ ಬರೆದು ತೋರಿಸಿದೆ. ಕಾಲೇಜು ಓದುವ ಹುಡುಗನ ಮಾತಿಗೆ ಅವರು ಒಪ್ಪಿದರು. ನಾಲ್ಕು ತಿಂಗಳು ಗಾಡಿ ಚೆನ್ನಾಗಿಯೇ ಓಡಿತು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಸೋದರಮಾವನನ್ನೂ ಒಂದು ಮೂಟೆ ಕಡಲೆಕಾಯಿಯನ್ನೂ ಹಿಂದೆ ಕೂರಿಸಿಕೊಂಡು ಮಧುಗಿರಿಯ ದಾರಿಯಲ್ಲಿ ಹೋಗುತ್ತಿದ್ದಾಗ ಎಂಜಿನ್ ಟಕಟಕ ಸದ್ದು ಮಾಡಿ ನಿಂತುಹೋಯಿತು. ಬಿಚ್ಚಿದಾಗ ಪಿಸ್ಟನ್ನಿನ ನೆತ್ತಿಯಲ್ಲಿ ಬೆರಳು ತೂರುವಷ್ಟು ತೂತು. ತಂದೆಯವರು ಬೈಯಲಿಲ್ಲ. "ನಿನ್ನ ಸೂತ್ರ ತಪ್ಪೋ, ನೀನು ತಪ್ಪೋ?" ಎಂದಷ್ಟೇ ಕೇಳಿದರು.

ಸೂತ್ರ ತಪ್ಪಾಗಿರಲಿಲ್ಲ. ಆದರೆ ಅದು ಏನನ್ನು ಹೇಳುವುದಿಲ್ಲ ಎಂಬುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಸುಮಾರು 4 ದಶಕಗಳ ನಂತರವೂ ಅದೇ ಪ್ರಶ್ನೆ ಅದೇ ರೂಪದಲ್ಲಿ ಎದುರಾಗಿರುವುದರಿಂದ, ಹೆಡ್ ಮಾರ್ಪಾಡಿನ ಬಗ್ಗೆ ಗ್ಯಾರೇಜಿನಲ್ಲಿ ಹೇಳುವ ಮಾತುಗಳನ್ನೂ ತರಗತಿಯಲ್ಲಿ ನಾವು ಹೇಳುವ ಮಾತುಗಳನ್ನೂ ಒಟ್ಟಿಗೆ ಒರೆಗೆ ಹಚ್ಚಿ ನೋಡುವುದು ಅಗತ್ಯವೆನಿಸಿತು.

ಸೂತ್ರ ಹೇಳುವುದೆಷ್ಟು?

ಪಿಸ್ಟನ್ ಕೆಳತುದಿಯಲ್ಲಿದ್ದಾಗ ಅದರ ಮೇಲಿರುವ ಒಟ್ಟು ಗಾತ್ರವನ್ನು, ಮೇಲ್ತುದಿಯಲ್ಲಿದ್ದಾಗ ಉಳಿಯುವ ಗಾತ್ರದಿಂದ ಭಾಗಿಸಿದರೆ ಬರುವುದೇ ಸಂಪೀಡನ ಅನುಪಾತ. ಆದರ್ಶ ಆಟೊ ಚಕ್ರದಲ್ಲಿ ಈ ಅನುಪಾತವನ್ನು 0.4ರ ಘಾತಕ್ಕೇರಿಸಿ, ಅದರ ವ್ಯುತ್ಕ್ರಮವನ್ನು 1ರಿಂದ ಕಳೆದರೆ ಉಷ್ಣ ದಕ್ಷತೆ ದೊರೆಯುತ್ತದೆ. ಇಲ್ಲಿ 0.4 ಎಂಬುದು ಗಾಳಿಯ ಎರಡು ವಿಶಿಷ್ಟೋಷ್ಣಗಳ ಅನುಪಾತವಾದ 1.4ರಿಂದ 1ನ್ನು ಕಳೆದಾಗ ಬರುವ ಸಂಖ್ಯೆ.

ಈಗ ನಮ್ಮ ಕೈಯಲ್ಲಿರುವ ಹೆಡ್‌ಗೆ ಬರೋಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಹೆಸರಿನಲ್ಲಿ ತಯಾರಿಸಿದ 250 ಸಿ.ಸಿ. ಎಂಜಿನ್ನಿನಲ್ಲಿ ಸಿಲಿಂಡರಿನ ವ್ಯಾಸ 65 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ. ಹಾಗಾಗಿ ಪಿಸ್ಟನ್ ಗುಡಿಸುವ ಗಾತ್ರ 248.9 ಘನ ಸೆಂ.ಮೀ. ಸಂಪೀಡನ ಅನುಪಾತ ಮಾದರಿಯಿಂದ ಮಾದರಿಗೆ ಬೇರೆ. ಲೆಕ್ಕದ ಅನುಕೂಲಕ್ಕೆ 8 ಎಂದಿಟ್ಟುಕೊಳ್ಳೋಣ. ಆಗ ಮೇಲೆ ಉಳಿಯುವ ದಹನ ಕೋಣೆಯ ಗಾತ್ರ 35.6 ಘನ ಸೆಂ.ಮೀ. ಹೆಡ್ಡಿನ ಕುಳಿಯ ಬಾಯಿ ಸಿಲಿಂಡರಿನಷ್ಟೇ ಅಗಲವಿದ್ದರೆ, 1 ಮಿ.ಮೀ. ಸವೆಸಿದಾಗ 3.3 ಘನ ಸೆಂ.ಮೀ. ಕಡಿಮೆಯಾಗಿ ಅನುಪಾತ 8.72 ಆಗುತ್ತದೆ. 2 ಮಿ.ಮೀ. ಸವೆಸಿದರೆ 9.61.

ಇವುಗಳಿಗೆ ಸೂತ್ರ ಕೊಡುವ ದಕ್ಷತೆ ಕ್ರಮವಾಗಿ ಶೇ. 56.5, 57.9 ಮತ್ತು 59.5. ಅಂದರೆ 1 ಮಿ.ಮೀ. ಸವೆಸಿದರೆ ಮೊದಲಿದ್ದುದಕ್ಕಿಂತ ಶೇ. 2.6ರಷ್ಟು, 2 ಮಿ.ಮೀ. ಸವೆಸಿದರೆ ಶೇ. 5.4ರಷ್ಟು ಲಾಭ. 16 ಎಚ್.ಪಿ.ಯ ರೋಡ್‌ಕಿಂಗ್ ಮಾದರಿಯಲ್ಲಿ ಇದು ಸುಮಾರು 0.4 ಮತ್ತು 0.9 ಎಚ್.ಪಿ. ಇದೂ ಆದರ್ಶ ಚಕ್ರದ ಲೆಕ್ಕ. ಸಿಲಿಂಡರಿನ ಗೋಡೆಗೆ ಹೋಗುವ ಶಾಖ, ಘರ್ಷಣೆ, ಅಪೂರ್ಣ ದಹನ ಮುಂತಾದವುಗಳನ್ನು ಕಳೆದರೆ ಕೈಗೆ ಸಿಗುವುದು ಇನ್ನೂ ಕಡಿಮೆ.

ಈ ಸೂತ್ರದ ಇನ್ನೊಂದು ಗುಣವನ್ನು ಸಾಮಾನ್ಯವಾಗಿ ನಾವು ಒತ್ತಿ ಹೇಳುವುದಿಲ್ಲ. ಅನುಪಾತ 4ರಿಂದ 5ಕ್ಕೆ ಏರಿದಾಗ ದಕ್ಷತೆಯಲ್ಲಿ 4.9 ಅಂಶಗಳ ಏರಿಕೆಯಿದೆ. 8ರಿಂದ 9ಕ್ಕೆ ಏರಿದಾಗ 2 ಅಂಶ, 12ರಿಂದ 13ಕ್ಕೆ ಏರಿದಾಗ ಬರೀ 1.2 ಅಂಶ. ಮೇಲೇರಿದಂತೆ ಪ್ರತಿ ಹೆಜ್ಜೆಯ ಫಲ ಕುಗ್ಗುತ್ತ ಹೋಗುತ್ತದೆ.

ಲಾಭಕ್ಕಿಂತ ಹೊರೆ ದೊಡ್ಡದು

ಫಲದ ಲೆಕ್ಕ ಹಾಕಿದಂತೆಯೇ ಹೊರೆಯ ಲೆಕ್ಕವನ್ನೂ ಹಾಕಬೇಕು. ಅದಕ್ಕೆ ಬೇಕಾದ ಸೂತ್ರವೂ ಅದೇ ಪಾಠದಲ್ಲಿದೆ. ಸ್ಥಿರೋಷ್ಣ ಸಂಪೀಡನದಲ್ಲಿ ಒತ್ತಡವು ಅನುಪಾತದ 1.4ರ ಘಾತದಂತೆ ಏರುತ್ತದೆ. ಅನುಪಾತ 8 ಇದ್ದಾಗ ಸಂಪೀಡನದ ಕೊನೆಯಲ್ಲಿ ಒತ್ತಡ ಮೊದಲಿನ 18.4 ಪಟ್ಟು. 8.72 ಆದಾಗ 20.7 ಪಟ್ಟು. 9.61 ಆದಾಗ 23.8 ಪಟ್ಟು. ಅಂದರೆ 1 ಮಿ.ಮೀ.ಗೆ ಶೇ. 2.6ರ ಲಾಭಕ್ಕಾಗಿ ಒತ್ತಡವನ್ನು ಶೇ. 13ರಷ್ಟು, 2 ಮಿ.ಮೀ.ಗೆ ಶೇ. 5.4ರ ಲಾಭಕ್ಕಾಗಿ ಒತ್ತಡವನ್ನು ಶೇ. 29ರಷ್ಟು ಏರಿಸಿದಂತಾಯಿತು. ದಹನದ ನಂತರದ ಗರಿಷ್ಠ ಒತ್ತಡವೂ ಇದಕ್ಕೆ ತಕ್ಕಂತೆ ಏರುತ್ತದೆ. ಅದನ್ನು ಹೊರಬೇಕಾದವು ಪಿಸ್ಟನ್, ಕನೆಕ್ಟಿಂಗ್ ರಾಡ್ ಮತ್ತು ಬೇರಿಂಗುಗಳು.

ಇನ್ನು ತಾಪದ ವಿಷಯ. ಚಳಿಗಾಲದ ಬೆಳಗ್ಗೆ 20° ಸೆ. ಗಾಳಿಯನ್ನು ಎಳೆದುಕೊಂಡ, ಹೆಡ್ ಸವೆಸದ ಎಂಜಿನ್ನಿನಲ್ಲಿ ಸಂಪೀಡನದ ಕೊನೆಗೆ ತಾಪ, ಆದರ್ಶ ಲೆಕ್ಕದಂತೆ, ಸುಮಾರು 400° ಸೆ. ಅದೇ ಎಂಜಿನ್ ಏಪ್ರಿಲ್‌ನಲ್ಲಿ 40° ಸೆ. ಗಾಳಿ ಎಳೆದುಕೊಂಡರೆ 446° ಸೆ. ಈಗ 2 ಮಿ.ಮೀ. ಸವೆಸಿದ ಎಂಜಿನ್ನನ್ನು ನೋಡೋಣ. ಚಳಿಗಾಲದಲ್ಲಿ ಅದರ ತಾಪ ಸುಮಾರು 451° ಸೆ. ಬೇಸಿಗೆಯಲ್ಲಿ 501° ಸೆ.

ಈ 4 ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನಮ್ಮ ಯೆಜ್ಡಿ ಡಿಸೆಂಬರ್‌ನಲ್ಲಿ ಏಕೆ ಬದುಕಿತು, ಏಪ್ರಿಲ್‌ನಲ್ಲಿ ಏಕೆ ಸತ್ತಿತು ಎಂಬುದು ಸ್ಪಷ್ಟವಾಗುತ್ತದೆ. ಸವೆಸಿದ ಹೆಡ್ಡಿನ ಡಿಸೆಂಬರ್ ಎಂದರೆ ಸವೆಸದ ಹೆಡ್ಡಿನ ಏಪ್ರಿಲ್. ಕಾರ್ಖಾನೆಯವರು ಏಪ್ರಿಲ್ ತಿಂಗಳನ್ನೂ ತಾಳಿಕೊಳ್ಳುವಂತೆ ಎಂಜಿನ್ ಮಾಡಿದ್ದರು. ಅವರು ಬಿಟ್ಟಿದ್ದ ಸುರಕ್ಷತೆಯ ಅಂತರವನ್ನು ನಾನು ಮೊದಲೇ ಖರ್ಚು ಮಾಡಿಬಿಟ್ಟಿದ್ದೆ. ಬೇಸಿಗೆ ಬಂದಾಗ ಕೊಡಲು ಏನೂ ಉಳಿದಿರಲಿಲ್ಲ.

ಬಡಿತ ಎಂದರೇನು?

ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ದಹನ ಕೋಣೆಯನ್ನು ದಾಟಿ ಹೋಗುತ್ತದೆ. ಹಿಂದೆ ಉರಿದ ಅನಿಲ ಹಿಗ್ಗಿ, ಮುಂದೆ ಇನ್ನೂ ಉರಿಯದ ಮಿಶ್ರಣವನ್ನು ಮೂಲೆಗೆ ಒತ್ತುತ್ತದೆ. ಆ ಮೂಲೆಯ ಅನಿಲದ ತಾಪ ಮತ್ತು ಒತ್ತಡ ಮಿತಿಮೀರಿದರೆ, ಜ್ವಾಲೆ ತಲಪುವ ಮೊದಲೇ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಆಗ ಹುಟ್ಟುವ ಒತ್ತಡದ ಅಲೆಗಳು ಗೋಡೆಗೆ ಬಡಿಯುವ ಸದ್ದೇ ನಮಗೆ ಕೇಳಿಸುವ ಟಕಟಕ. ಇದನ್ನೇ ಬಡಿತ ಅಥವಾ ನಾಕಿಂಗ್ ಎನ್ನುತ್ತಾರೆ.

ಶುದ್ಧ ಅಲ್ಯೂಮಿನಿಯಂ 660° ಸೆ.ನಲ್ಲಿ ಕರಗುತ್ತದೆ. ಪಿಸ್ಟನ್ನಿನ ಮಿಶ್ರಲೋಹ ಇನ್ನೂ ಕಡಿಮೆ ತಾಪದಲ್ಲೇ ಮೆದುವಾಗುತ್ತದೆ. ಆದರೆ ಜ್ವಾಲೆಯ ತಾಪ 2000° ಸೆ.ಗಿಂತ ಹೆಚ್ಚು. ಹಾಗಿದ್ದರೂ ಪಿಸ್ಟನ್ ಕರಗದಿರಲು ಒಂದು ಕಾರಣ, ಲೋಹದ ಮೇಲ್ಮೈಗೆ ಅಂಟಿಕೊಂಡಿರುವ ತೆಳುವಾದ ತಣ್ಣನೆಯ ಅನಿಲದ ಪದರ. ಬಡಿತದ ಅಲೆಗಳು ಈ ಪದರವನ್ನು ಕಿತ್ತುಹಾಕುತ್ತವೆ. ಲೋಹಕ್ಕೆ ಶಾಖ ನುಗ್ಗುತ್ತದೆ. ಪಿಸ್ಟನ್ನಿಗೆ ತೂತು ಬೀಳುವುದು ಹೀಗೆ.

ಇದು ಹೊಸ ವಿಷಯವೇನಲ್ಲ. 1920ರ ಸುಮಾರಿಗೇ ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ, ಎಂಜಿನ್ ಓಡುತ್ತಿರುವಾಗಲೇ ಸಂಪೀಡನ ಅನುಪಾತವನ್ನು ಬದಲಿಸಬಹುದಾದ ಪ್ರಾಯೋಗಿಕ ಎಂಜಿನ್ ಕಟ್ಟಿ, ಪ್ರತಿ ಇಂಧನಕ್ಕೂ ಅದು ತಾಳುವ ಗರಿಷ್ಠ ಅನುಪಾತವಿದೆ ಎಂದು ತೋರಿಸಿದ್ದ. ಅಂದರೆ ಅನುಪಾತವನ್ನು ನಿರ್ಧರಿಸುವುದು ಸೂತ್ರವಲ್ಲ, ಇಂಧನ ಮತ್ತು ದಹನ ಕೋಣೆಯ ಆಕಾರ. ನಮ್ಮ ಪದವಿ ತರಗತಿಗಳಲ್ಲಿ ಆಟೊ ಚಕ್ರದ ಸೂತ್ರವನ್ನು ಸಾಧಿಸಿ, ಅನುಪಾತ ಹೆಚ್ಚಿದರೆ ದಕ್ಷತೆ ಹೆಚ್ಚು ಎಂದು ಬರೆಸಿ, ಒಂದು ಲೆಕ್ಕ ಮಾಡಿಸಿ ಪಾಠ ಮುಗಿಸುತ್ತೇವೆ. ಹಾಗಾದರೆ ಅನುಪಾತವನ್ನು 50 ಏಕೆ ಮಾಡುವುದಿಲ್ಲ ಎಂದು ಒಬ್ಬ ವಿದ್ಯಾರ್ಥಿಯೂ ಕೇಳದಿದ್ದರೆ ಅದು ಪಾಠದ ಸೋಲು. ನಾನೂ ಹಲವು ವರ್ಷ ಹೀಗೆಯೇ ಪಾಠ ಮಾಡಿದ್ದೇನೆ.

ಮೆಕ್ಯಾನಿಕ್‌ಗಳ ಅನುಭವ ಸುಳ್ಳೇ?

ಹಾಗೆಂದು ಹೆಡ್ ಸವೆಸಿದಾಗ "ಪಿಕಪ್ ಬಂತು" ಎನ್ನುವ ಮೆಕ್ಯಾನಿಕ್‌ಗಳ ಮಾತನ್ನು ತಳ್ಳಿಹಾಕುವಂತಿಲ್ಲ. ಕೆಲವು ಎಂಜಿನ್ನುಗಳಲ್ಲಿ, ಲೆಕ್ಕ ಹೇಳುವುದಕ್ಕಿಂತ ಹೆಚ್ಚಿನ ವ್ಯತ್ಯಾಸ ಕಂಡುಬರುವುದು ನಿಜ. ಅವರ ಅವಲೋಕನ ಸರಿ, ವಿವರಣೆ ಮಾತ್ರ ಅಪೂರ್ಣ.

ನಿಶ್ಚಲವಾದ ಪೆಟ್ರೋಲ್ ಮಿಶ್ರಣದಲ್ಲಿ ಜ್ವಾಲೆ ಬಹಳ ನಿಧಾನ. ಉರಿದ ಅನಿಲದ ಹಿಗ್ಗುವಿಕೆಯನ್ನು ಸೇರಿಸಿಕೊಂಡರೂ ಸೆಕೆಂಡಿಗೆ ಸುಮಾರು 3 ಮೀಟರ್. 65 ಮಿ.ಮೀ. ಸಿಲಿಂಡರಿನ ನಡುವಿನಿಂದ ಅಂಚಿಗೆ ಹೋಗಲು ಅದಕ್ಕೆ ಸುಮಾರು 11 ಮಿಲಿಸೆಕೆಂಡ್ ಬೇಕು. ನಿಮಿಷಕ್ಕೆ 5000 ಸುತ್ತು ತಿರುಗುವ ಎಂಜಿನ್ನಿಗೆ ಒಂದು ಪೂರ್ಣ ಸುತ್ತಿಗೇ 12 ಮಿಲಿಸೆಕೆಂಡ್ ಸಾಕು. ಹೀಗಾಗಿ ಮಿಶ್ರಣವನ್ನು ಕಲಕಿ ಪ್ರಕ್ಷುಬ್ಧಗೊಳಿಸದಿದ್ದರೆ ಈ ಎಂಜಿನ್ನುಗಳು ಓಡಲಾರವು.

ರಿಕಾರ್ಡೊ 1919ರಲ್ಲಿ ರೂಪಿಸಿದ ಹೆಡ್ಡಿನ ಗುಟ್ಟು ಇದೇ. ಪಿಸ್ಟನ್ನಿನ ಮೇಲ್ಭಾಗದ ಬಹುಪಾಲನ್ನು ಹೆಡ್ಡಿಗೆ ತೀರ ಹತ್ತಿರ ಬರುವಂತೆ ಮಾಡಿ, ಉಳಿದ ಭಾಗದಲ್ಲಿ ಮಾತ್ರ ದಹನ ಕೋಣೆಯನ್ನು ಇಟ್ಟ. ಪಿಸ್ಟನ್ ಮೇಲೇರಿದಾಗ ಆ ಕಿರಿದಾದ ಸಂದಿನಲ್ಲಿ ಸಿಕ್ಕ ಅನಿಲ ರಭಸದಿಂದ ಕೋಣೆಯೊಳಕ್ಕೆ ಚಿಮ್ಮಿ ಎಲ್ಲವನ್ನೂ ಕಲಕುತ್ತದೆ. ಸಂದಿನಲ್ಲೇ ಉಳಿದ ತೆಳು ಪದರ ಲೋಹದ ಸಂಪರ್ಕದಿಂದ ತಣ್ಣಗಿದ್ದು ಬಡಿತಕ್ಕೆ ಆಸ್ಪದ ಕೊಡುವುದಿಲ್ಲ. ಹೆಡ್ಡಿನ ಅಂಚಿನಲ್ಲಿ ಇಂಥ ಚಪ್ಪಟೆ ಪಟ್ಟಿ ಇದ್ದು, ಸಂದು ಮೊದಲು ಅಗಲವಾಗಿದ್ದರೆ, ಹೆಡ್ ಸವೆಸಿದಾಗ ಸಂದು ಕಿರಿದಾಗಿ ಕಲಕುವಿಕೆ ಹೆಚ್ಚಬಹುದು. ದೊರೆತ ಪಿಕಪ್ಪಿನ ದೊಡ್ಡ ಪಾಲು ಅನುಪಾತದ ಏರಿಕೆಯಿಂದಲ್ಲ, ಈ ಕಲಕುವಿಕೆಯಿಂದ ಬಂದಿರಬಹುದು. ಆದರೆ ಸಂದು ಅತಿ ಕಿರಿದಾದರೆ, ಎಂಜಿನ್ ಕಾದು ಕನೆಕ್ಟಿಂಗ್ ರಾಡ್ ಹಿಗ್ಗಿದಾಗ ಪಿಸ್ಟನ್ ಹೆಡ್ಡಿಗೆ ತಗಲುವ ಅಪಾಯವಿದೆ.

ಇಲ್ಲಿ ಇನ್ನೊಂದು ಎಚ್ಚರಿಕೆಯ ಮಾತು. ಯೆಜ್ಡಿಯಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೇರುತ್ತ ಹೊಗೆ ಹೋಗುವ ಕಿಂಡಿಯನ್ನು ಮುಚ್ಚಿದ ಮೇಲಷ್ಟೇ ನಿಜವಾದ ಸಂಪೀಡನ ಶುರುವಾಗುತ್ತದೆ. ಕಿಂಡಿ ಮುಚ್ಚುವಾಗ ಓಟದ ಶೇ. 60 ಮಾತ್ರ ಉಳಿದಿದೆ ಎಂದುಕೊಂಡರೆ, ಜ್ಯಾಮಿತಿಯ 8ರ ಅನುಪಾತ ವಾಸ್ತವದಲ್ಲಿ 5.2 ಆಗುತ್ತದೆ. ನಾನು ಮೇಲೆ ಕೊಟ್ಟ ತಾಪ, ಒತ್ತಡಗಳ ಅಂಕಿಗಳೂ ಟೂ ಸ್ಟ್ರೋಕ್‌ನಲ್ಲಿ ಇದಕ್ಕೆ ತಕ್ಕಂತೆ ಇಳಿಯುತ್ತವೆ. ಏರಿಕೆಯ ದಿಕ್ಕು ಮಾತ್ರ ಬದಲಾಗುವುದಿಲ್ಲ. ಕೆಲವು ತಯಾರಕರು ಮೊದಲನೆಯ ಸಂಖ್ಯೆಯನ್ನೂ ಕೆಲವರು ಎರಡನೆಯದನ್ನೂ ಕೊಡುವುದುಂಟು. ಎರಡು ಗಾಡಿಗಳ ಅನುಪಾತವನ್ನು ಕಣ್ಣುಮುಚ್ಚಿ ಹೋಲಿಸುವುದು ಸರಿಯಲ್ಲ.

ಗಾಳಿಯ ಹರಿವು: ನಾಲ್ಕನೆಯ ಘಾತದ ಭ್ರಮೆ

ಹೆಡ್ ಮಾರ್ಪಾಡಿನ ಎರಡನೆಯ ಭಾಗ ಗಾಳಿಯ ದಾರಿ. ಯೆಜ್ಡಿಯ ಹೆಡ್‌ನಲ್ಲಿ ಕವಾಟಗಳಿಲ್ಲ. ಗಾಳಿಯ ಕಿಂಡಿಗಳೆಲ್ಲ ಸಿಲಿಂಡರಿನ ಗೋಡೆಯಲ್ಲಿವೆ. ಅಲ್ಲಿ ಉಸಿರಾಟವನ್ನು ಹೆಡ್ಡಿಗಿಂತ ಹೆಚ್ಚಾಗಿ ನಿರ್ಧರಿಸುವುದು ಕಿಂಡಿಗಳ ಎತ್ತರ ಮತ್ತು ಸೈಲೆನ್ಸರ್ ಕೊಳವೆಯಲ್ಲಿ ಹಿಂದಿರುಗುವ ಒತ್ತಡದ ಅಲೆಗಳು. ಪೂರ್ವ ಜರ್ಮನಿಯ ಎಂ.ಜೆಡ್. ಕಾರ್ಖಾನೆಯ ವಾಲ್ಟರ್ ಕಾಡೆನ್ 1961ರ ವೇಳೆಗೆ 125 ಸಿ.ಸಿ. ರೇಸ್ ಎಂಜಿನ್ನಿನಿಂದ 25 ಎಚ್.ಪಿ. ಪಡೆದದ್ದು ಮುಖ್ಯವಾಗಿ ಈ ಅಲೆಗಳನ್ನು ಪಳಗಿಸಿ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಾದರೋ ಗಾಳಿ ಒಳಬರುವ ದಾರಿ, ಕವಾಟ, ದಹನ ಕೋಣೆ ಎಲ್ಲವೂ ಹೆಡ್ಡಿನಲ್ಲೇ ಇವೆ. 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಮತ್ತೆ ಬಂದ 334 ಸಿ.ಸಿ. ಗಾಡಿಯ ಎಂಜಿನ್ ಫೋರ್ ಸ್ಟ್ರೋಕ್. ಹೆಸರು ಒಂದೇ ಆದರೂ ಹಳೆಯ ಗಾಡಿಯ ಹೆಡ್ಡಿನ ಪಾಠ ಹೊಸದಕ್ಕೆ ಅನ್ವಯಿಸದು.

ಫೋರ್ ಸ್ಟ್ರೋಕ್ ಹೆಡ್ಡಿನ ಗಾಳಿದಾರಿಯನ್ನು ಕೊರೆದು ಅಗಲ ಮಾಡಿದರೆ ಎಷ್ಟು ಲಾಭ? ಭೌತವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಥಟ್ಟನೆ ಪಾಸಿಯೆ ಸೂತ್ರವನ್ನು ನೆನೆಯುತ್ತಾರೆ. ಕೊಳವೆಯಲ್ಲಿ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತೀಯ, ಆದ್ದರಿಂದ ಶೇ. 10 ಅಗಲಿಸಿದರೆ ಶೇ. 46 ಹೆಚ್ಚು ಗಾಳಿ! ಉತ್ತರಪತ್ರಿಕೆಗಳಲ್ಲಿ ನಾನು ಇದನ್ನು ಹಲವು ಬಾರಿ ಕಂಡಿದ್ದೇನೆ.

ಲೆಕ್ಕ ಹಾಕಿ ನೋಡೋಣ. ನಮ್ಮ ಹಳ್ಳಿಗಳಲ್ಲಿ ಮನೆಮಾತಾದ ಹೀರೊ ಹೋಂಡಾ 100 ಸಿ.ಸಿ. ಎಂಜಿನ್ನಿನ ವ್ಯಾಸ 50 ಮಿ.ಮೀ., ಓಟ 49.5 ಮಿ.ಮೀ. ನಿಮಿಷಕ್ಕೆ 8000 ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 13.2 ಮೀ. ಗಾಳಿದಾರಿಯ ವ್ಯಾಸ 20 ಮಿ.ಮೀ. ಎಂದು ಇಟ್ಟುಕೊಂಡರೆ, ಅಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು 82 ಮೀ. ಇದರ ರೆನಾಲ್ಡ್ಸ್ ಸಂಖ್ಯೆ ಸುಮಾರು ಒಂದು ಲಕ್ಷ. ಕೊಳವೆಯ ಹರಿವು ಪದರಪದರವಾಗಿ ಉಳಿಯುವುದು ಈ ಸಂಖ್ಯೆ 2000ದ ಆಸುಪಾಸಿನಲ್ಲಿರುವವರೆಗೆ ಮಾತ್ರ. ಆದ್ದರಿಂದ ಪಾಸಿಯೆ ಸೂತ್ರಕ್ಕೆ ಇಲ್ಲಿ ಪ್ರವೇಶವೇ ಇಲ್ಲ. ಇಲ್ಲಿನ ಒತ್ತಡನಷ್ಟ ವೇಗದ ವರ್ಗವನ್ನು ಅನುಸರಿಸುತ್ತದೆ, ಹರಿವು ಹೆಚ್ಚೆಂದರೆ ಅಡ್ಡಕೊಯ್ತದ ವಿಸ್ತೀರ್ಣದಂತೆ ಏರುತ್ತದೆ. ಶೇ. 10 ಅಗಲಿಸಿದರೆ ಹೆಚ್ಚೆಂದರೆ ಶೇ. 21.

ಅದೂ ಪೂರ್ತಿ ದಕ್ಕುವುದಿಲ್ಲ. ಏಕೆಂದರೆ ದಾರಿಯ ಕೊನೆಯಲ್ಲಿ ಕವಾಟ ನಿಂತಿದೆ. ಕವಾಟ ಮೇಲೆದ್ದಾಗ ಗಾಳಿ ಅದರ ಸುತ್ತಲಿನ ಉಂಗುರಾಕಾರದ ಸಂದಿನಿಂದ ಬರುತ್ತದೆ. ಆ ಸಂದಿನ ವಿಸ್ತೀರ್ಣ ಪೈ, ವ್ಯಾಸ ಮತ್ತು ಎತ್ತರಗಳ ಗುಣಲಬ್ಧ. ಕವಾಟದ ವಿಸ್ತೀರ್ಣ ಪೈ ಗುಣಿಸು ವ್ಯಾಸದ ವರ್ಗ, ಭಾಗಿಸು 4. ಎರಡೂ ಸಮವಾಗುವುದು ಎತ್ತರ ವ್ಯಾಸದ ಕಾಲುಭಾಗವಾದಾಗ. 24 ಮಿ.ಮೀ. ಕವಾಟ 6 ಮಿ.ಮೀ. ಏಳುವವರೆಗೂ ಗಾಳಿಯನ್ನು ತಡೆಯುವುದು ಆ ಸಂದೇ ಹೊರತು ಹಿಂದಿನ ದಾರಿಯಲ್ಲ. ಹೆಬ್ಬಾಗಿಲನ್ನು ಅಗಲಿಸಿ ಒಳಬಾಗಿಲನ್ನು ಹಾಗೆಯೇ ಬಿಟ್ಟರೆ ಜನ ಬೇಗ ಒಳಬರುವುದಿಲ್ಲ. ಅನುಭವಿಗಳು ಕೊರೆಯುವುದಕ್ಕಿಂತ ಹೆಚ್ಚು ಸಮಯವನ್ನು ಕವಾಟದ ಪೀಠದ ಕೋನಗಳಿಗೂ ಅದರ ಹಿಂದಿನ ತಿರುವಿನ ಒಳಮಗ್ಗುಲಿಗೂ ಕೊಡುವುದು ಈ ಕಾರಣದಿಂದ. ಕನ್ನಡಿಯಂತೆ ಹೊಳಪು ಕೊಡುವುದು ಕಣ್ಣಿಗೆ ಚೆಂದ, ಆದರೆ ಹರಿವನ್ನು ನಿರ್ಧರಿಸುವುದು ಬಹುಮಟ್ಟಿಗೆ ಆಕಾರ.

ಅಗಲಿಸುವುದಕ್ಕೂ ಬೆಲೆಯಿದೆ. ದಾರಿಯನ್ನು 20ರಿಂದ 22 ಮಿ.ಮೀ.ಗೆ ಅಗಲಿಸಿದರೆ 8000 ಸುತ್ತಿನಲ್ಲಿ ವೇಗ 82ರಿಂದ 68 ಮೀ.ಗೆ ಇಳಿದು ಒತ್ತಡನಷ್ಟ ಶೇ. 30ಕ್ಕೂ ಹೆಚ್ಚು ಕಡಿಮೆಯಾಗುತ್ತದೆ. ಇದು ಲಾಭವೇ. ಆದರೆ 3000 ಸುತ್ತಿನಲ್ಲಿ ವೇಗ 31ರಿಂದ 26 ಮೀ.ಗೆ ಇಳಿಯುತ್ತದೆ. ಒಳಬರುವ ಕವಾಟ ಮುಚ್ಚುವುದು ಪಿಸ್ಟನ್ ಕೆಳತುದಿ ಮುಟ್ಟಿ ಮೇಲೇರಲು ತೊಡಗಿದ ನಂತರ. ಆಗ ಗಾಳಿ ಒಳಕ್ಕೆ ನುಗ್ಗುತ್ತಲೇ ಇರಲು ಅದರ ಜಡತ್ವವೇ ಆಧಾರ. ವೇಗ ಕಡಿಮೆಯಾದರೆ ಒಳಬಂದ ಗಾಳಿಯ ಒಂದು ಪಾಲು ಹಿಂದಕ್ಕೆ ಹೋಗುತ್ತದೆ. ಇಬ್ಬರನ್ನೂ ಒಂದು ಮೂಟೆಯನ್ನೂ ಹೊತ್ತು ಗಂಟೆಗೆ 35 ಕಿ.ಮೀ. ವೇಗದಲ್ಲಿ ಹೋಗುವ ನಮ್ಮ ಸೀಮೆಯ ಗಾಡಿಗೆ ಬೇಕಿರುವುದು 3000 ಸುತ್ತಿನ ಎಳೆತ, 8000 ಸುತ್ತಿನ ಶಕ್ತಿಯಲ್ಲ. ರೇಸಿನವರಿಗೆ ಸರಿಯಾದ ಮಾರ್ಪಾಡು ರೈತನಿಗೆ ನಷ್ಟವಾಗಬಹುದು.

ಊರು, ಕಾಲ ಮತ್ತು ಇಂಧನ

ಮಧುಗಿರಿ ಸೀಮೆ ಸಮುದ್ರಮಟ್ಟದಿಂದ 700–800 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಶೇ. 8–9ರಷ್ಟು ಕಡಿಮೆ. ಎಂಜಿನ್ನಿಗೆ ಸಿಗುವ ಗಾಳಿಯೂ ಅಷ್ಟೇ ಕಡಿಮೆ, ಬಡಿತದ ಭಯವೂ ಕಡಿಮೆ. ಇಲ್ಲಿ ಸರಿಯಾಗಿ ಓಡುವಂತೆ ಹೆಡ್ ಸವೆಸಿದ ಗಾಡಿ ಘಟ್ಟ ಇಳಿದು ಮಂಗಳೂರು ತಲಪಿದಾಗ ಬಡಿಯತೊಡಗಿದರೆ ಆಶ್ಚರ್ಯವಿಲ್ಲ. "ನನ್ನ ಗಾಡಿಗೆ ಏನೂ ಆಗಲಿಲ್ಲ" ಎಂಬ ಸಾಕ್ಷ್ಯ ಯಾವ ಊರಿನದು, ಯಾವ ತಿಂಗಳಿನದು ಎಂದು ಕೇಳಬೇಕು.

ಈಚೆಗೆ ಇನ್ನೊಂದು ವಾದ ಕೇಳಿಬರುತ್ತಿದೆ. 2025ರ ವೇಳೆಗೆ ಬಂಕುಗಳಲ್ಲಿ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲೇ ಸಾಮಾನ್ಯವಾಗಿದೆ. ಇದರ ಕನಿಷ್ಠ ಆಕ್ಟೇನ್ ಸಂಖ್ಯೆ 95, ಹಿಂದಿನ ಸಾಮಾನ್ಯ ಪೆಟ್ರೋಲಿನದು 91. ಹಾಗಾಗಿ ಈಗ ಧೈರ್ಯವಾಗಿ ಹೆಡ್ ಸವೆಸಬಹುದು ಎಂಬುದು ವಾದ. ಇದರಲ್ಲಿ ಅರ್ಧ ಸತ್ಯವಿದೆ. ಆಕ್ಟೇನ್ ಹೆಚ್ಚಿದರೆ ಬಡಿತ ತಡವಾಗುವುದು ನಿಜ. ಆದರೆ 1 ಕಿಲೋ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕಾದರೆ, ಎಥನಾಲ್‌ಗೆ 9 ಕಿಲೋ ಸಾಕು. ಶೇ. 20ರ ಮಿಶ್ರಣಕ್ಕೆ ಸುಮಾರು 13.5. ಹಳೆಯ ಕಾರ್ಬುರೇಟರಿನ ಜೆಟ್ ಇದನ್ನರಿಯದೆ ಮೊದಲಿನಷ್ಟೇ ಇಂಧನ ಬಿಡುತ್ತದೆ. ಹೀಗಾಗಿ ಮಿಶ್ರಣ ಶೇ. 7–8ರಷ್ಟು ತೆಳುವಾಗುತ್ತದೆ. ತೆಳು ಮಿಶ್ರಣದಲ್ಲಿ ಹಳೆಯ ಟೂ ಸ್ಟ್ರೋಕ್ ಎಂಜಿನ್ ಮೊದಲಿಗಿಂತ ಹೆಚ್ಚು ಕಾಯುತ್ತದೆ. ಜೆಟ್ಟನ್ನು ಗಮನಿಸದೆ ಹೆಡ್ ಮಾತ್ರ ಸವೆಸುವುದು ಒಂದು ಕೈಯಿಂದ ಪಡೆದು ಇನ್ನೊಂದು ಕೈಯಿಂದ ಕಳೆದುಕೊಂಡಂತೆ.

ಕಾನೂನಿನ ಮಾತೂ ಇದೆ. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಪ್ರಕರಣ ನಿರ್ಬಂಧಿಸುತ್ತದೆ. ರಸ್ತೆಯ ಗಾಡಿಯಲ್ಲಿ ಪ್ರಯೋಗಕ್ಕೆ ಇಳಿಯುವ ವಿದ್ಯಾರ್ಥಿಗಳು ಇದನ್ನು ತಿಳಿದಿರಬೇಕು.

ಅಳೆಯದೆ ಹೇಳಬಾರದು

ಒಟ್ಟಾರೆ ನನ್ನ ಆಕ್ಷೇಪ ಹೆಡ್ ಮಾರ್ಪಾಡಿನ ಕಲೆಯ ಮೇಲಲ್ಲ. ಜಾಗ್ವಾರ್ ಕಾರಿನ ಎಕ್ಸ್‌ಕೆ ಎಂಜಿನ್ನಿನ ಹೆಡ್ಡಿಗೆ ರೂಪ ಕೊಟ್ಟ ಹ್ಯಾರಿ ವೆಸ್ಲೇಕ್, ಹೆಡ್ಡಿನ ಮೂಲಕ ಗಾಳಿಯನ್ನು ಹಾಯಿಸಿ, ಪ್ರತಿ ಬದಲಾವಣೆಯ ನಂತರವೂ ಹರಿವನ್ನು ಅಳೆದು ಮುಂದುವರಿದವನು. ನಮ್ಮಲ್ಲಿ ಕೊರೆಯುವ ಕೈಗಳಿಗೆ ಕೊರತೆಯಿಲ್ಲ. ಅಳೆಯುವ ಅಭ್ಯಾಸ ಮಾತ್ರ ಕಡಿಮೆ. ಅದನ್ನು ಕಲಿಸಬೇಕಾದವರು ನಾವು, ಅಧ್ಯಾಪಕರು.

ಇದಕ್ಕೆ ದೊಡ್ಡ ಪ್ರಯೋಗಶಾಲೆ ಬೇಡ. ರಸಾಯನವಿಜ್ಞಾನ ವಿಭಾಗದ 50 ಸಿ.ಸಿ. ಬ್ಯೂರೆಟ್ ಸಾಕು. ಎಂಜಿನ್ನನ್ನು ಗಾಡಿಯಿಂದ ಇಳಿಸಿ ಪ್ಲಗ್ಗಿನ ತೂತು ನೇರ ಮೇಲಕ್ಕೆ ಬರುವಂತೆ ನಿಲ್ಲಿಸಿ. ಪಿಸ್ಟನ್ನನ್ನು ಮೇಲ್ತುದಿಗೆ ತಂದು, ಹೆಡ್ ಕೂರಿಸುವ ಮುನ್ನ ಅದರ ಅಂಚಿಗೆ ಗ್ರೀಸ್ ಹಚ್ಚಿ. ಸೀಮೆಎಣ್ಣೆ ಬೆರೆಸಿದ ತೆಳು ಎಣ್ಣೆಯನ್ನು ಬ್ಯೂರೆಟ್ಟಿನಿಂದ ಪ್ಲಗ್ಗಿನ ಮರೆಗಳ ಕೆಳಅಂಚಿನವರೆಗೆ ತುಂಬಿ, ಎಷ್ಟು ಹಿಡಿಯಿತೆಂದು ಓದಿಕೊಳ್ಳಿ. ಅಳತೆಯಲ್ಲಿ ಶೇ. 1 ತಪ್ಪಿದರೂ ಅನುಪಾತದಲ್ಲಿ ಆಗುವ ವ್ಯತ್ಯಾಸ ಸುಮಾರು 0.07 ಮಾತ್ರ. ಪ್ರಯೋಗ ಮುಗಿದ ಮೇಲೆ ಎಣ್ಣೆಯನ್ನು ಪೂರ್ತಿ ಹೊರತೆಗೆಯದೆ ಎಂಜಿನ್ ತಿರುಗಿಸಬಾರದು. ಪದವಿ ತರಗತಿಯವರು ಹಳೆಯ ವ್ಯಾಕ್ಯೂಮ್ ಕ್ಲೀನರ್ ಮತ್ತು ನೀರು ತುಂಬಿದ ಯು-ನಳಿಕೆಯಿಂದ ಹರಿವಿನ ಹೋಲಿಕೆಯನ್ನೂ ಮಾಡಬಹುದು. ಆಟೊ ಚಕ್ರ, ಸ್ಥಿರೋಷ್ಣ ಪ್ರಕ್ರಿಯೆ, ರೆನಾಲ್ಡ್ಸ್ ಸಂಖ್ಯೆ, ದೋಷಗಳ ಅಂದಾಜು ಎಲ್ಲವೂ ಒಂದೇ ಹೆಡ್ಡಿನಿಂದ ಕಲಿಸಲು ಸಾಧ್ಯ.

ಐ.ಡಿ.ಹಳ್ಳಿಯ ಆ ಹುಡುಗನಿಗೆ ನಾನು ಎಚ್.ಪಿ. ಲೆಕ್ಕ ಹಾಕಿಕೊಡಲಿಲ್ಲ. ಮೇಲಿನ 4 ತಾಪಗಳನ್ನು ಬರೆದುಕೊಟ್ಟು, ಬ್ಯೂರೆಟ್ ತರಲು ಹೇಳಿದೆ. ಎರಡು ದಿನದ ನಂತರ ಅಳತೆಯ ಹಾಳೆಯೊಂದಿಗೆ ಬಂದ. ಸವೆಸುವ ಮೊದಲು ಅಳೆದಿರಲಿಲ್ಲವಾದ್ದರಿಂದ ಎಷ್ಟು ಬದಲಾಗಿದೆಯೆಂದು ಖಚಿತವಾಗಿ ಹೇಳಲಾಗದು ಎಂದು ಅವನೇ ಹಾಳೆಯ ಕೆಳಗೆ ಬರೆದಿದ್ದ. ಸದ್ಯಕ್ಕೆ ದಪ್ಪನೆಯ ಗ್ಯಾಸ್ಕೆಟ್ ಹಾಕಿ ಮೊದಲಿನ ಗಾತ್ರಕ್ಕೆ ಹತ್ತಿರ ತಂದು ಓಡಿಸುವುದೆಂದೂ, ಗೆಳೆಯನ ಸವೆಸದ ಹೆಡ್ಡನ್ನು ಅಳೆದು ಹೋಲಿಸುವುದೆಂದೂ ತೀರ್ಮಾನಿಸಿದ್ದಾನೆ. ಹೆಡ್ ಸವೆಸಿದ ಗ್ಯಾರೇಜಿನವರೂ ಆ ಅಳತೆಯನ್ನು ನೋಡಬೇಕೆಂದು ಕೇಳಿದ್ದಾರಂತೆ.